ವಾಟ್ಸ್ಆ್ಯಪ್ ಬರಹಕ್ಕೆ 66ಎ ಬೆದರಿಕೆ: ಆ ಕಲಂ ಇನ್ನೂ ಇದೆಯೇ?

ಕೆರೆದಡ:
ನಮ್ಮೂರ ಕೆರೆಯ ಹೂಳೆತ್ತುವ ಕಾಮಗಾರಿಗೆ ಪೂರ್ತಿ ಬಿಲ್ ಪಾವತಿಯಾಗಿದ್ದರೂ ಅರ್ಧದಷ್ಟು ಕೆಲಸವೂ ನಡೆದಿಲ್ಲವೆಂದು ನನ್ನ ಭಾವನವರು ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಫೋಟೊಗಳ ಸಮೇತ ಬರೆದಿದ್ದರು. ಮರುದಿನವೇ ಒಬ್ಬರು ಮನೆಗೆ ಬಂದು, ಅದನ್ನು ಅಳಿಸದಿದ್ದರೆ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 66ಎ ಕಲಂ ಅಡಿ ಕೇಸು ಹಾಕಿಸುವುದಾಗಿ ಹೇಳಿ ಹೋದರು. ಆ ಕಲಂ ರದ್ದಾಗಿದೆಯೆಂದು ಓದಿದ ನೆನಪು. ಸಂವಿಧಾನದ 19ನೆಯ ವಿಧಿ ಇಂಥ ಬರಹವನ್ನು ಎಲ್ಲಿಯವರೆಗೆ ಕಾಯುತ್ತದೆ?

ಹಳೆಯ ವಕಾಲತ್ತು:
ತಮ್ಮ ನೆನಪು ಸರಿಯಾಗಿದೆ. 2008ರ ತಿದ್ದುಪಡಿಯಲ್ಲಿ ಬಂದ ಆ ಕಲಂ, ‘ಕಿರಿಕಿರಿ’, ‘ಅನನುಕೂಲ’ ಎಂಬಂಥ ಅಳತೆಗೆ ಸಿಗದ ಪದಗಳ ಮೇಲೆ ಮೂರು ವರ್ಷಗಳವರೆಗಿನ ಸೆರೆವಾಸವನ್ನು ನಿಲ್ಲಿಸಿತ್ತು. ಯಾರಿಗೆ ಕಿರಿಕಿರಿಯಾಗಬೇಕು, ಎಷ್ಟಾಗಬೇಕು ಎಂಬುದು ಠಾಣೆಯ ವಿವೇಚನೆಗೇ ಬಿಟ್ಟಂತಿತ್ತು. 2012ರಲ್ಲಿ ಮುಂಬೈ ಬಂದ್ ಕುರಿತ ಫೇಸ್‌ಬುಕ್ ಬರಹಕ್ಕಾಗಿ ಪಾಲ್ಘರ್‌ನಲ್ಲಿ ಇಬ್ಬರು ಯುವತಿಯರ ಬಂಧನವಾಯಿತು. ಅವರಲ್ಲೊಬ್ಬರು ಅದನ್ನು ಬರೆದವರೂ ಅಲ್ಲ, ‘ಲೈಕ್’ ಒತ್ತಿದವರು. ಆಮೇಲೆ ಶ್ರೇಯಾ ಸಿಂಘಾಲ್ ಸಲ್ಲಿಸಿದ ಅರ್ಜಿಯಲ್ಲಿ ನ್ಯಾಯಮೂರ್ತಿಗಳಾದ ಚೆಲಮೇಶ್ವರ್ ಮತ್ತು ನಾರಿಮನ್ ಅವರ ಸುಪ್ರೀಂ ಕೋರ್ಟ್ ಪೀಠವು 2015ರ ಮಾರ್ಚ್ 24ರಂದು ಕಲಮನ್ನು ಪೂರ್ಣವಾಗಿ ತೆಗೆದುಹಾಕಿತು. ಚರ್ಚೆ ಮತ್ತು ಪ್ರತಿಪಾದನೆ ಎಷ್ಟೇ ಅಪ್ರಿಯವಾದರೂ ವಾಕ್ ಸ್ವಾತಂತ್ರ್ಯ ಕೊಡುವ 19(1)(ಎ)ಯ ಒಳಗೇ ಇರುತ್ತವೆ, ಮಾತು ಪ್ರಚೋದನೆಯ ಹಂತ ಮುಟ್ಟಿದಾಗಲೇ 19(2)ರ ನಿರ್ಬಂಧಗಳು ಎದುರಾಗುತ್ತವೆ ಎಂಬುದು ಆ ತೀರ್ಪಿನ ತಿರುಳು. ಆದರೂ ಠಾಣೆಗಳಲ್ಲಿ ಆ ಕಲಂ ಉಸಿರಾಡುತ್ತಲೇ ಇದ್ದುದರಿಂದ, ಅದರಡಿ ಯಾರನ್ನೂ ವಿಚಾರಣೆಗೆ ಗುರಿಪಡಿಸಬಾರದೆಂದು 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಆದೇಶಿಸಬೇಕಾಯಿತು.

ತಕರಾರು:
ಇಷ್ಟಕ್ಕೇ ನಿಶ್ಚಿಂತರಾಗಬೇಡಿ. 19(2)ರ ಪಟ್ಟಿಯಲ್ಲಿ ಮಾನನಷ್ಟವೂ ಇದೆ. ಅದನ್ನು ಅಪರಾಧವಾಗಿಸುವ ಕಾನೂನನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಎತ್ತಿಹಿಡಿದಿದೆ, ಈಗ ಅದು ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಂ. ನನಗದು ಒಪ್ಪಿಗೆಯಾಗಿಲ್ಲ, ಆ ಮಾತು ಬೇರೆ. ಇದು ಅಸಂಜ್ಞೇಯ ಅಪರಾಧವಾದ್ದರಿಂದ ಪೊಲೀಸರು ತಾವಾಗಿ ಎಫ್‌ಐಆರ್ ಹಾಕುವಂತಿಲ್ಲ, ನೊಂದವರು ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. ಹೇಳಿದ್ದು ಸತ್ಯವಾಗಿದ್ದು, ಅದರ ಪ್ರಕಟಣೆ ಸಾರ್ವಜನಿಕ ಹಿತಕ್ಕಾಗಿದ್ದರೆ ವಿನಾಯಿತಿಯುಂಟು. ‘ಕೆಲಸ ಆಗಿಲ್ಲ’ ಎಂಬುದಕ್ಕೆ ಫೋಟೊ ಸಾಕ್ಷಿಯಾಗಬಹುದು. ‘ಹಣ ತಿಂದರು’ ಎಂಬುದಕ್ಕೆ ಆಗದು.

ಕೆರೆದಡ:
ಸಂಕೋಚದಿಂದಲೇ ಹೇಳುತ್ತೇನೆ: ಬರಹದ ಕೊನೆಯ ಸಾಲು ಗುತ್ತಿಗೆದಾರರ ಹೆಸರು ಹಿಡಿದು ‘ನುಂಗಿ ನೀರು ಕುಡಿದರು’ ಎಂದೇ ಇದೆ.

ತಕರಾರು:
ಅದೊಂದು ಸಾಲು ಹೋಗಲಿ. ಉಳಿದದ್ದರಲ್ಲಿ ಅಕ್ಷರವನ್ನೂ ಅಳಿಸಬೇಡಿ. ಮಾಹಿತಿ ಹಕ್ಕಿನಡಿ ಬಿಲ್ಲಿನ ಮತ್ತು ಅಳತೆ ಪುಸ್ತಕದ ದೃಢೀಕೃತ ನಕಲು ತೆಗೆಸಿ. ಎಷ್ಟು ಘನ ಮೀಟರ್ ಹೂಳು ತೆಗೆದರೆಂದು ಅಲ್ಲಿ ಬರೆದಿರಲೇಬೇಕು. ಅದನ್ನೇ ಗುಂಪಿನಲ್ಲಿ ಹಾಕಿದರೆ ಬೈಗುಳದ ಅಗತ್ಯವೇ ಬೀಳದು.

ಹಳೆಯ ವಕಾಲತ್ತು:
ಒಪ್ಪಿದೆ. ಠಾಣೆಯಿಂದ ಬರಿಯ ಫೋನ್ ಕರೆ ಬಂದರೆ ಲಿಖಿತ ನೋಟಿಸ್ ಕೇಳಿ, ಅದರಲ್ಲಿ ಕಲಂ ಯಾವುದೆಂದು ನೋಡಿ. ಮಾತು, ಬರಹಗಳ ಕುರಿತ ದೂರಿನಲ್ಲಿ ಮೂರರಿಂದ ಏಳು ವರ್ಷಗಳೊಳಗಿನ ಶಿಕ್ಷೆಯ ಆರೋಪವಿದ್ದರೆ, ಎಫ್‌ಐಆರ್‌ಗೆ ಮುನ್ನ ಪ್ರಾಥಮಿಕ ವಿಚಾರಣೆ ನಡೆಸುವುದೇ ಸೂಕ್ತವೆಂದು ಇಮ್ರಾನ್ ಪ್ರತಾಪ್‌ಗಢಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಹೇಳಿದೆ. ನೋಟಿಸಿನಲ್ಲಿ 66ಎ ಎಂದೇ ಇದ್ದರಂತೂ ಅದನ್ನು ಜೋಪಾನವಾಗಿಡಿ. ಭಾವನವರಿಗೆ ಅದಕ್ಕಿಂತ ಒಳ್ಳೆಯ ದಾಖಲೆ ಸಿಗಲಾರದು.