ಓದುಗರ ಸ್ಪಂದನ: ಇತಿಹಾಸದ ಮೇಡಂ ಕೊಟ್ಟ ಹಾಳೆಗೆ ಸುಮ್ನೆ ಸಹಿ ಹಾಕಲೇ?

ಕಳೆದ ಬಾರಿ ದಾವಣಗೆರೆಯ ಓದುಗರೊಬ್ಬರು ಹೀಗೆ ಬರೆದಿದ್ದರು:

"ಮಗಳು ಎಂಟನೇ ಕ್ಲಾಸು, ಸ್ಟೇಟ್ ಸಿಲಬಸ್. ಹೊಸದಾಗಿ ಬಂದಿರುವ ಸಮಾಜ ವಿಜ್ಞಾನದ ಮೇಡಂ ಪೋಷಕರ ಸಭೆಯಲ್ಲಿ ಒಂದು ಹಾಳೆ ಕೊಟ್ಟರು. ಪ್ರಾಚೀನ ಇತಿಹಾಸದ ಪಾಠಗಳು ಮುಗಿಯುವವರೆಗೆ ಮಗು ಪ್ರತಿ ಶನಿವಾರ ಮನೆಯಲ್ಲಿ ಪಾಠ ಹೇಳಬೇಕಂತೆ, ನಾವು ಕೇಳಿ ಸಹಿ ಹಾಕಬೇಕಂತೆ. ಪ್ರಾಜೆಕ್ಟ್ ಮಗುವೇ ಮಾಡಬೇಕು, ಪ್ರಿಂಟ್‌ಔಟ್ ಅಂಟಿಸುವಂತಿಲ್ಲ. ಎಫ್‌ಎ (ವರ್ಷದ ನಡುವೆ ನಡೆಯುವ ಸಣ್ಣ) ಪರೀಕ್ಷೆಯಲ್ಲಿ ಏನು ತಪ್ಪಾಯ್ತು, ಯಾಕೆ ತಪ್ಪಾಯ್ತು ಅಂತ ಬರೆದು ತರಬೇಕು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಓದಿದ್ದೆಲ್ಲ ಮರೆತೇ ಹೋಗಿದೆ. ಯಜಮಾನರು ಅಂಗಡಿ ಮುಚ್ಚಿ ಬರುವುದು ರಾತ್ರಿ ಹತ್ತಕ್ಕೆ. ಮಗಳು ತಪ್ಪು ಹೇಳಿದರೂ ನನಗೆ ಗೊತ್ತಾಗುವುದಿಲ್ಲ. ಸುಮ್ನೆ ಸಹಿ ಹಾಕಿ ಕಳಿಸಲೇ, ಟ್ಯೂಷನ್‌ಗೆ ಸೇರಿಸಲೇ?"

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ತಂಗೀ, ಮೊದಲು ಟ್ಯೂಷನ್ ಯೋಚನೆ ಬಿಡಿ. 29 ವರ್ಷ ಇದೇ ಪಾಠ ಮಾಡಿದವಳು ನಾನು. ಇಂಥ ಹಾಳೆ ನಾನೂ ಕೊಟ್ಟಿದ್ದೇನೆ, ಬೈಸಿಕೊಂಡೂ ಇದ್ದೇನೆ. ಮೇಡಂ ನಿಮಗೆ ಪಾಠ ಮಾಡಿ ಅಂದಿಲ್ಲ. ಕೂತು ಕೇಳಿ ಅಂದಿದ್ದಾರೆ, ಅಷ್ಟೇ. ನಿಮಗೆ ಗೊತ್ತಿಲ್ಲದಿರುವುದೇ ಒಳ್ಳೆಯದಾಯ್ತು. ಎಲ್ಲ ಗೊತ್ತಿರುವ ಅಪ್ಪಂದಿರು ಮಗು ಬಾಯಿ ಬಿಡುವ ಮೊದಲೇ ಉತ್ತರ ಹೇಳಿ ಮುಗಿಸುತ್ತಾರೆ.

ನನ್ನ ಕ್ಲಾಸಿನ ಒಬ್ಬ ಹುಡುಗ ಮೊಹೆಂಜೊದಾರೋದ ದೊಡ್ಡ ಈಜುಕೊಳದ ಪಾಠವನ್ನು ಅಜ್ಜಿಗೆ ಒಪ್ಪಿಸುತ್ತಿದ್ದನಂತೆ. ಉದ್ದ ಸುಮಾರು 12 ಮೀಟರ್, ಅಗಲ 7 ಮೀಟರ್, ಆಳ ಎರಡೂವರೆ ಮೀಟರ್ ಹತ್ತಿರ. ಗಿಳಿಪಾಠ. ಅಜ್ಜಿ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದವರು ತಲೆ ಎತ್ತಿ, "ಅಲ್ಲೋ, ಕೊಳೆ ನೀರು ಎಲ್ಲಿಗೆ ಹೋಗ್ತಿತ್ತು? ಇಟ್ಟಿಗೆ ಸಂದೀಲಿ ಇಂಗಿಹೋಗ್ತಿರ್ಲಿಲ್ವಾ?" ಅಂದರಂತೆ. ಸೋಮವಾರ ಪ್ರಾರ್ಥನೆಗೂ ಮುಂಚೆ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ಕೊಳದ ಒಂದು ಮೂಲೆಯಲ್ಲಿ ನೀರು ಹೊರಗೆ ಬಿಡುವ ಕಿಂಡಿ ಇದೆ, ಅದು ಇಟ್ಟಿಗೆಯ ದೊಡ್ಡ ಚರಂಡಿಗೆ ಸೇರುತ್ತದೆ. ನೀರು ಸೋರದಂತೆ ಇಟ್ಟಿಗೆಯ ಹಿಂದೆ ಡಾಂಬರಿನಂಥ ಅಂಟು ಬಳಿದಿದ್ದರು. ಇದನ್ನು ಕೇಳಿಕೊಂಡು ಹೋಗಿ ಅಜ್ಜಿಗೆ ಹೇಳಿದ. ಆ ವರ್ಷ ಇಡೀ ಕ್ಲಾಸಿನಲ್ಲಿ ಆ ಪಾಠ ಸರಿಯಾಗಿ ಬಂದದ್ದು ಅವನಿಗೇ.

ನೀವೂ ಅಷ್ಟೇ ಮಾಡಿ. "ಇದು ಹೇಗೆ ಗೊತ್ತಾಯ್ತು?" ಅಂತ ಕೇಳಿ. ಎಂಟನೇ ಕ್ಲಾಸಿನ ಇತಿಹಾಸ ಶುರುವಾಗುವುದೇ 'ಆಧಾರಗಳು' ಪಾಠದಿಂದ. ಮಕ್ಕಳು ಅದನ್ನು ಹಾರಿಸಿಕೊಂಡು ರಾಜರ ಹತ್ತಿರ ಓಡುತ್ತಾರೆ. ಮಗಳಿಗೆ ಉತ್ತರ ಬರದಿದ್ದರೆ ಬರಲಿಲ್ಲ ಅಂತ ಹಾಳೆಯ ಮೇಲೇ ಬರೆದು ಸಹಿ ಹಾಕಿ. 'ಚೆನ್ನಾಗಿ ಹೇಳಿದಳು' ಅಂತ ಬರುವ ನಲವತ್ತು ಹಾಳೆಯಿಂದ ಟೀಚರಿಗೆ ಏನು ತಿಳಿಯಬೇಕು ಹೇಳಿ?
– ನಿವೃತ್ತ ಶಿಕ್ಷಕಿ, ತಿಪಟೂರು

ಪ್ರಾಜೆಕ್ಟ್ ವಿಷಯದಲ್ಲಿ ನಾನು ಪೆಟ್ಟು ತಿಂದವನು. ಮಗನಿಗೆ ಅಂತ ಎರಡು ರಾತ್ರಿ ಕೂತು ಥರ್ಮಾಕೋಲ್‌ನಲ್ಲಿ ಹರಪ್ಪ ನಗರ ಕಟ್ಟಿದೆ. ಬೀದಿ, ಬಾವಿ, ಕಣಜ, ಎಲ್ಲಕ್ಕೂ ಬಣ್ಣ. ಆರುನೂರು ರೂಪಾಯಿ ಖರ್ಚು. ಸರ್ ನೋಡಿ, "ಬೀದಿಗಳು ಹೀಗೆ ನೇರವಾಗಿ ಒಂದನ್ನೊಂದು ಯಾಕೆ ಕತ್ತರಿಸುತ್ತವೆ?" ಅಂದರಂತೆ. ನನ್ನ ಮಗ, "ಅಪ್ಪನ್ನ ಕೇಳಬೇಕು ಸರ್" ಅಂದ.

ಮುಂದಿನ ಸಲ ನಾನು ಕೈ ಹಾಕಲಿಲ್ಲ. ಹರಪ್ಪದವರ ಇಟ್ಟಿಗೆಗಳ ದಪ್ಪ, ಅಗಲ, ಉದ್ದ 1:2:4ರ ಲೆಕ್ಕದಲ್ಲಿ ಇರುತ್ತಿದ್ದವು ಅಂತ ಎಲ್ಲೋ ಓದಿಕೊಂಡು, ಹಿತ್ತಲ ಮಣ್ಣು ಕಲಸಿ ಸ್ಕೇಲಿನಲ್ಲಿ ಅಳೆದು 2, 4, 8 ಸೆಂಟಿಮೀಟರ್‌ನ ಇಟ್ಟಿಗೆ ಮಾಡಿದ. ಇಪ್ಪತ್ತರಲ್ಲಿ ಹನ್ನೊಂದು ಬಿರುಕು ಬಿಟ್ಟವು. ಅಳುಮುಖ ಮಾಡಿಕೊಂಡು ಅದನ್ನೇ ತಗೊಂಡು ಹೋದ. ಸರ್, "ಬಿರುಕು ಯಾಕೆ ಬಿಡ್ತು ಅಂತ ಬರೆದು ತಾ, ಅದಕ್ಕೂ ಮಾರ್ಕ್ಸ್ ಇದೆ" ಅಂದರು. ಮಣ್ಣಿಗೆ ಮರಳು, ಹೊಟ್ಟು ಸೇರಿಸಬೇಕು ಅಂತ ಗೌಂಡಿಯನ್ನು ಕೇಳಿ ತಿಳಿದುಕೊಂಡ. ನಾನು ಮಾಡಿದ ನಗರ ಈಗಲೂ ಅಟ್ಟದ ಮೇಲೆ ಧೂಳು ತಿನ್ನುತ್ತಿದೆ.
– ಒಬ್ಬ ತಂದೆ, ಹುಬ್ಬಳ್ಳಿ

ಎಲ್ಲರೂ ಮೇಡಂ ಪರವಾಗಿ ಬರೆಯುತ್ತಾರೆ ಅಂತ ಗೊತ್ತು. ನಾನು ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತೇನೆ. ಓಟಿ ಇದ್ದ ದಿನ ಮನೆಗೆ ಬಂದರೆ ಅಡುಗೆ ಮಾಡುವುದಕ್ಕೂ ಶಕ್ತಿ ಇರುವುದಿಲ್ಲ. ಪೋಷಕರು ಅಂದರೆ ಸಂಜೆ ಐದಕ್ಕೆ ಕಾಫಿ ಕುಡಿಯುತ್ತಾ ಮನೆಯಲ್ಲಿ ಕೂತಿರುವವರು ಅಂತ ಸ್ಕೂಲಿನವರು ಅಂದುಕೊಂಡಂತಿದೆ. ರಾತ್ರಿ ಒಂಬತ್ತಕ್ಕೆ ವಾಟ್ಸಾಪ್‌ನಲ್ಲಿ 'ನಾಳೆ ಚಾರ್ಟ್ ತರಬೇಕು' ಅಂತ ಬರುತ್ತದೆ. ಆಗ ಅಂಗಡಿ ಎಲ್ಲಿ ತೆರೆದಿರುತ್ತದೆ?

ಅಕ್ಕ, ನೀವು ನೇರವಾಗಿ ಹೋಗಿ ಮಾತಾಡಿ. ನಾನು ಹೋಗಿ, "ಶನಿವಾರ ಆಗಲ್ಲ ಮೇಡಂ, ಭಾನುವಾರ ಕೇಳ್ತೀನಿ. ಅದೂ ಆಗದಿದ್ದರೆ ಅವಳ ಅಣ್ಣ ಸಹಿ ಹಾಕಲಿ" ಅಂದೆ. ಒಪ್ಪಿದರು. ಕೇಳದೆ ಇದ್ದಿದ್ದರೆ ನಾನೂ ಸುಮ್ನೆ ಸಹಿ ಹಾಕಿ ಕಳಿಸುತ್ತಿದ್ದೆ.
– ಒಬ್ಬ ತಾಯಿ, ರಾಮನಗರ

ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಇಲ್ಲಿ ಪ್ರಾಚೀನ ಇತಿಹಾಸ ಆರನೇ ಕ್ಲಾಸಿಗೇ ಬರುತ್ತದೆ: ಮೆಸೊಪೊಟೇಮಿಯಾ, ಈಜಿಪ್ಟ್, ಗ್ರೀಸ್, ಭಾರತ, ಚೀನಾ, ರೋಮ್. ನಮಗೂ ಮೊದಲ ವಾರವೇ ಹಾಳೆ ಬಂತು, ಮಗನದೂ ಸಹಿ, ನಮ್ಮದೂ ಸಹಿ. ಅದರಲ್ಲಿದ್ದ ಒಂದು ಸಾಲು ನನಗೆ ಹಿಡಿಸಿತು. ಮಾರ್ಕ್ಸ್ ಬಗ್ಗೆ ತಕರಾರಿದ್ದರೆ ಮೊದಲು ಮಗುವೇ ಬಂದು ಕೇಳಬೇಕು, ಪೋಷಕರು ಆಮೇಲೆ. ನನ್ನ ಮಗ ಸಂಕೋಚದ ಮುದ್ದೆ. ಎರಡು ವಾರ ಒದ್ದಾಡಿ ಕೊನೆಗೆ ಹೋಗಿ ಕೇಳಿದ. ಮಾರ್ಕ್ಸ್ ಸಿಗಲಿಲ್ಲ, ಆದರೆ ಮಾರನೆಯ ದಿನದಿಂದ ಕ್ಲಾಸಿನಲ್ಲಿ ಕೈ ಎತ್ತಲು ಶುರು ಮಾಡಿದ.

ಭಾರತದ ಪಾಠ ಬಂದಾಗ ಎಡವಿದ್ದು ನಾನು. ಅದು ನಮ್ಮದೇ ಅಲ್ವಾ ಅಂತ ಮಗನನ್ನು ಪಕ್ಕಕ್ಕೆ ಕೂರಿಸಿ ನಾನೇ ಎಲ್ಲ ಬರೆಸಿದೆ. ಟೀಚರ್ ಅದರ ಕೆಳಗೆ, 'ನಿಮ್ಮ ಅಮ್ಮ ಚೆನ್ನಾಗಿ ಬರೆಯುತ್ತಾರೆ' ಅಂತ ಷರಾ ಹಾಕಿ ಕಳಿಸಿದರು.
– ಕನ್ನಡತಿ, ಸ್ಯಾನ್ ಹೋಸೆ

ನಮ್ಮ ಮೊಳಕಾಲ್ಮೂರು ತಾಲ್ಲೂಕಿನಲ್ಲೇ ಬ್ರಹ್ಮಗಿರಿ ಇದೆ. ಅಲ್ಲಿನ ಅಶೋಕನ ಶಾಸನವನ್ನು 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಗುರುತಿಸಿದರು. ನಾನು ಸ್ಕೂಲಿನಲ್ಲಿ 'ಅಶೋಕ ಸಾಲುಮರ ನೆಡಿಸಿದ' ಅಂತ ಉರು ಹೊಡೆದವನು, ಆ ಬಂಡೆ ನೋಡಿದ್ದು ಮದುವೆಯಾದ ಮೇಲೆ. ಮಗಳನ್ನು ಕರೆದುಕೊಂಡು ಹೋದಾಗ ಅವಳು ಕೇಳಿದ ಮೊದಲ ಪ್ರಶ್ನೆ, "ಇದರಲ್ಲಿ ಅಶೋಕ ಅಂತ ಎಲ್ಲಿದೆ?" ಇಲ್ಲ. 'ದೇವಾನಾಂಪಿಯ', ಅಂದರೆ ದೇವರಿಗೆ ಪ್ರಿಯನಾದವನು ಅಂತ ಮಾತ್ರ ಇದೆ. 1915ರಲ್ಲಿ ರಾಯಚೂರು ಕಡೆಯ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ಅದರ ಜೊತೆಗೆ 'ಅಶೋಕ' ಎಂಬ ಹೆಸರೂ ಇತ್ತು, ಹಾಗಾಗಿ ದೇವಾನಾಂಪಿಯ ಅಂದರೆ ಅಶೋಕನೇ ಅಂತ ಖಚಿತವಾಯ್ತು. ಇಷ್ಟು ಹೇಳುವುದಕ್ಕೆ ನಾನು ಮನೆಗೆ ಬಂದು ಪುಸ್ತಕ ಹುಡುಕಬೇಕಾಯ್ತು.

ಇನ್ನೊಂದು ತಮಾಷೆ ಕೇಳಿ. ಆ ಬಂಡೆಯ ಮೇಲೆ ಬರೆದಿರುವುದು ಏನು ಗೊತ್ತಾ? ತಾಯಿ ತಂದೆಯ ಮಾತು ಕೇಳಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವಿಗೆ ಗೌರವ ಕೊಡಬೇಕು ಅಂತ. ನಿಮ್ಮ ಮೇಡಂ ಹಾಳೆಯ ಹಾಗೇ ಇದೆ, ಪ್ರಾಜೆಕ್ಟ್ ಒಂದಿಲ್ಲ ಅಷ್ಟೇ. ಕೊನೆಗೆ ಬರೆದವನ ಹೆಸರೂ ಇದೆ, ಚಪಡ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿ ಬರೆದು, 'ಲಿಪಿಕಾರ' ಎಂಬ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ಭಾರತ ಉಪಖಂಡದ ವಾಯವ್ಯದ ಕಡೆಯ ಲಿಪಿ ಅದು. ಅಷ್ಟು ದೂರದ ಲಿಪಿ ಬಲ್ಲವನು ನಮ್ಮೂರ ಕಡೆ ಯಾಕೆ ಬಂದ ಅಂತ ಮಗಳು ಇನ್ನೂ ಕೇಳುತ್ತಿದ್ದಾಳೆ. ದಾವಣಗೆರೆಯಿಂದ ಒಂದು ಭಾನುವಾರ ಬನ್ನಿ, ಬುತ್ತಿ ಕಟ್ಟಿಕೊಂಡು. ಬಿಸಿಲು ಜಾಸ್ತಿ, ಬೆಳಿಗ್ಗೆ ಬೇಗ ಹೊರಡಿ.
– ಒಬ್ಬ ಓದುಗ, ಮೊಳಕಾಲ್ಮೂರು

ಆಂಟಿ, ನಾನು ಒಂಬತ್ತನೇ ಕ್ಲಾಸು. ಹೋದ ವರ್ಷ ನಮಗೂ ಹೀಗೇ ಇತ್ತು. ತಪ್ಪು ಉತ್ತರ ಯಾಕೆ ತಪ್ಪಾಯ್ತು ಅಂತ ಬರೆಯುವುದು ಮೊದಲು ಬೇಜಾರು, ಆಮೇಲೆ ರೂಢಿಯಾಗುತ್ತದೆ. ನಾನು ಕದಂಬರನ್ನೂ ಗಂಗರನ್ನೂ ಮೂರು ಸಲ ಅದಲು ಬದಲು ಮಾಡಿದ್ದೆ. ಒಂದೇ ಒಂದು ವಿಷಯ. ಅವಳು ಪಾಠ ಹೇಳುವಾಗ ನೀವು ಮೊಬೈಲ್ ನೋಡಬೇಡಿ. ನಮ್ಮಮ್ಮ ಹೂಂ ಹೂಂ ಅಂತಿದ್ದರು. ಪುಲಕೇಶಿ ಮೊಹೆಂಜೊದಾರೋ ಕಟ್ಟಿಸಿದ ಅಂದೆ. ಅದಕ್ಕೂ ಹೂಂ ಅಂದು ಸಹಿ ಹಾಕಿದರು.
– ವಿದ್ಯಾರ್ಥಿ, ಚಿಕ್ಕಮಗಳೂರು