ಕೋವಿಡ್‌ನಲ್ಲಿ ಮನೆಯವರನ್ನು ಕಳ್ಕೊಂಡವರಿಗೆ ಸಭೆಯಿಂದ ಫೋನ್ ಮಾಡುವ ಗುಂಪು: ಎಂತ ಹೇಳ್ಬೇಕು, ಎಂತ ಹೇಳ್ಬಾರ್ದು?

ಪಡುಗಾಳಿ (ಉಡುಪಿ, ಮೇ 2021)

ನಮಸ್ಕಾರ ಎಲ್ರಿಗೂ. ನಾವು ಉಡುಪಿ ಹತ್ರದ ಒಂದು ಸಣ್ಣ ಸಿಎಸ್‌ಐ (ಪ್ರೊಟೆಸ್ಟೆಂಟ್ ಕ್ರೈಸ್ತ) ಸಭೆಯವ್ರು, ಊರಿನ ಹೆಸರು ಬೇಡ, ಹೇಳಿದ್ರೆ ಯಾರ ಮನೆ ಅಂತ ಎಲ್ರಿಗೂ ಗೊತ್ತಾಗ್ತದೆ. ಈ ಎರಡನೇ ಅಲೆಯಲ್ಲಿ ನಮ್ಮಲ್ಲಿ ಸುಮಾರು ಮನೆಗಳಲ್ಲಿ ಸಾವಾಗಿದೆ. ದೇವಾಲಯ ಬಂದ್, ಮಣ್ಣಿಗೆ ಐದೇ ಜನ, ಸಾವಿನ ಮನೆಗೆ ಹೋಗಿ ಕೂತ್ಕೊಳ್ಳುವ ಹಾಗೂ ಇಲ್ಲ. ಮೊದಲಾದ್ರೆ ಗಂಜಿ ಚಟ್ನಿ ಮಾಡ್ಕೊಂಡು ಹೋಗ್ತಿದ್ದೆವು, ರಾತ್ರಿ ಇಡೀ ಕೂತು ಹಾಡ್ತಿದ್ದೆವು, ಈಗ ವಾಟ್ಸಾಪಲ್ಲಿ ಕೈಮುಗಿದ ಚಿತ್ರ ಒಂದು ಹಾಕಿ ಮುಗೀತು. ಅದ್ರ ಮೇಲೆ ಈ ತೌಕ್ತೆ ಚಂಡಮಾರುತ ಬೇರೆ, ಕಡಲ ಬದಿಯವ್ರಿಗೆ ಮನೆ ಒಳಗೆ ನೀರು.

ಹಾಗಾಗಿ ಸ್ತ್ರೀಯರ ಸಂಘದವ್ರು ಮತ್ತೆ ಯುವಕರು ಸೇರಿ ವಾರಕ್ಕೊಂದು ಸಲ ಫೋನ್ ಮಾಡಿ ವಿಚಾರಿಸುವ ಅಂತ ಮಾತಾಡಿದ್ದೇವೆ, ಸಭೆಯವ್ರಿಗೆ ಮಾತ್ರ ಅಲ್ಲ, ಅಕ್ಕಪಕ್ಕದ ಮನೆಯವ್ರಿಗೂ. ಕೌನ್ಸೆಲಿಂಗ್ ಕಲಿತವರು ಮಾತ್ರ ಯಾರೂ ಇಲ್ಲ. ಒಬ್ರು ಹಿರಿಯರು "ವಾಕ್ಯ ಓದಿ ಪ್ರಾರ್ಥನೆ ಮಾಡಿ, ಸಾಕು, ಈ ಟ್ರಾಮಾ ಗೀಮಾ ಎಲ್ಲ ದೊಡ್ಡವರ ಕಾಯಿಲೆ" ಅಂತಾರೆ. ಒಬ್ಬ ಹುಡುಗ "ಪ್ರಾರ್ಥನೆಯೇ ಬೇಡ, ರೇಷನ್ ಕಿಟ್ ಕೊಟ್ಟು ಬರುವ" ಅಂತಾನೆ. ನನಗೆ ಎರಡೂ ಪೂರ್ತಿ ಒಪ್ಪಿಗೆ ಆಗುದಿಲ್ಲ.

ಇನ್ನೊಂದು. ಗಂಡ ತೀರಿಹೋದ ಒಬ್ರು ಅಕ್ಕ ಇದ್ದಾರೆ, ಆಸ್ಪತ್ರೆಯಿಂದ ಕಟ್ಟಿ ಕೊಟ್ಟದ್ದರ ಒಳಗೆ ಇದ್ದದ್ದು ಅವರೇ ಅಂತ ಎಂತ ಗ್ಯಾರಂಟಿ ಅಂತ ಕೇಳ್ತಾರೆ. ಯಾರು ಫೋನ್ ಮಾಡಿದ್ರೂ ಅದೇ ಮಾತು. ಇದಕ್ಕೆ ಎಂತ ಉತ್ತರ ಕೊಡುದು? ಗೊತ್ತಿದ್ದವರು ಹೇಳಿ ಮಾರಾಯ್ರೆ.

ವಾರ್ಡ್_ಅಕ್ಕ (ಮಂಗಳೂರು)

ನಾನು ಮಂಗಳೂರಲ್ಲಿ ಆಸ್ಪತ್ರೆಯೊಂದರಲ್ಲಿ ಸೋಶಿಯಲ್ ವರ್ಕರ್, ರೋಶನಿ ನಿಲಯ ಕಾಲೇಜಲ್ಲಿ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಿದ್ದು, ಈಗ ಕೋವಿಡ್ ವಾರ್ಡಿನವರ ಮನೆಯವ್ರ ಜೊತೆ ಮಾತಾಡುದೇ ಕೆಲಸ. ಡ್ಯೂಟಿ ಮುಗಿಸಿ ಬರೀತಾ ಇದ್ದೇನೆ, ಉದ್ದ ಆದ್ರೆ ಬೇಜಾರು ಮಾಡ್ಬೇಡಿ.

ಮೊದಲು ಆ ಅಕ್ಕನ ವಿಷಯ. ಅದು ಹುಚ್ಚು ಅಲ್ಲ. ಮುಖ ನೋಡದೆ ಮಣ್ಣು ಮಾಡಿದವರಲ್ಲಿ ಈ ಅನುಮಾನ ತುಂಬಾ ಜನರಿಗೆ ಬರ್ತದೆ, ಕಣ್ಣು ನೋಡದ್ದನ್ನು ಮನಸ್ಸು ಅಷ್ಟು ಬೇಗ ಒಪ್ಪುದಿಲ್ಲ. "ಹಾಗೆಲ್ಲ ಯೋಚನೆ ಮಾಡ್ಬೇಡಿ" ಅಂತ ಮಾತ್ರ ಹೇಳ್ಬೇಡಿ, ಅಲ್ಲಿಗೆ ಅವ್ರು ಬಾಯಿ ಮುಚ್ತಾರೆ, ಯೋಚನೆ ನಿಲ್ಲುದಿಲ್ಲ. ಅವ್ರಿಗೆ ಬೇಕು ಅಂತಾದ್ರೆ ಆಸ್ಪತ್ರೆಯಲ್ಲಿ ಯಾರು ಗುರುತು ಹಿಡಿದದ್ದು, ಆ ಹೊತ್ತಿಗೆ ಯಾವ ನರ್ಸ್ ಇದ್ದದ್ದು, ದಾಖಲೆಯಲ್ಲಿ ಎಂತ ಬರೆದಿದ್ದಾರೆ ಅಂತ ಸಭೆಯ ಒಬ್ರು ಹೋಗಿ ವಿಚಾರಿಸಿ ಬರಬಹುದು. ಕಡೆಯ ಹೊತ್ತಲ್ಲಿ ಪಕ್ಕದಲ್ಲಿದ್ದ ನರ್ಸಿನ ಹತ್ರ ಫೋನಲ್ಲಿ ಮಾತಾಡಿಸಿದ್ರೆ ಎಷ್ಟೋ ಮನೆಯವ್ರಿಗೆ ಅದು ಸಮಾಧಾನ, ನಾನೇ ನೋಡಿದ್ದೇನೆ.

ಇದು ಮುಂದೆ ಆಗುವ ಸಾವುಗಳಿಗೆ. ಕೇಂದ್ರ ಆರೋಗ್ಯ ಇಲಾಖೆ 2020ರ ಮಾರ್ಚ್‌ನಲ್ಲೇ ಕೊಟ್ಟ ಮಾರ್ಗಸೂಚಿಯಲ್ಲಿ ಸಿಬ್ಬಂದಿ ಜಾಗ್ರತೆ ಮಾಡಿ ಬ್ಯಾಗಿನ ಮುಖದ ಬದಿಯ ಜಿಪ್ ತೆಗೆದು ಮನೆಯವ್ರಿಗೆ ತೋರಿಸಬಹುದು ಅಂತ ಉಂಟು. ಮುಟ್ಟದೆ ಧರ್ಮಗ್ರಂಥ ಓದುದು, ತೀರ್ಥ ಚಿಮುಕಿಸುದು, ಇದಕ್ಕೂ ಅವಕಾಶ ಉಂಟು. ಮುಟ್ಟುದು, ಮುದ್ದು ಕೊಡುದು, ಮೀಯಿಸುದು ಇಲ್ಲ. ಈ ಗಡಿಬಿಡಿಯಲ್ಲಿ ಕೆಲವು ಕಡೆ ಯಾರೂ ಹೇಳುದಿಲ್ಲ, ಮನೆಯವ್ರಿಗೂ ಕೇಳ್ಬೇಕು ಅಂತ ಗೊತ್ತಿಲ್ಲ. ನಿಮ್ಮ ಗುಂಪಿನವರು ಬೇರೆ ಎಂತ ಕಲಿಯದಿದ್ರೂ ಇದೊಂದು ಕಲೀರಿ. ಆಂಬುಲೆನ್ಸ್ ಹತ್ರ ನಿಂತು ಮರ್ಯಾದೆಯಲ್ಲಿ "ಮುಖ ಒಂದು ಸಲ ತೋರಿಸ್ತೀರಾ" ಅಂತ ಕೇಳ್ಲಿಕ್ಕೆ ಒಂದು ಜನ ಬೇಕು, ಅಳ್ತಾ ಇರುವವರಿಂದ ಅದು ಆಗುದಿಲ್ಲ.

ಇನ್ನು ಫೋನ್. ಕೌನ್ಸೆಲಿಂಗ್ ಕಲೀದಿದ್ರೂ ಪರವಾಗಿಲ್ಲ, ನೀವು ಕೌನ್ಸೆಲಿಂಗ್ ಮಾಡುದೂ ಬೇಡ. ಡಬ್ಲ್ಯುಎಚ್‌ಒದವರು 2011ರಲ್ಲಿ ಸಾಮಾನ್ಯ ಜನರಿಗೆ ಅಂತಲೇ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಮಾಡಿದ್ದಾರೆ, ಅದರದ್ದು ಮೂರೇ ಮಾತು, ನೋಡು, ಕೇಳು, ಜೋಡಿಸು. ಊಟ ಉಂಟಾ, ಬಿಪಿ ಮಾತ್ರೆ ಮುಗಿದಿದೆಯಾ, ಮನೆಯಲ್ಲಿ ಒಬ್ರೇ ಇದ್ದಾರಾ, ಅದು ನೋಡುದು. ಆಮೇಲೆ ಅವರು ಹೇಳಿದಷ್ಟು ಕೇಳುದು. ಆಮೇಲೆ ಬೇಕಾದವರಿಗೆ ಜೋಡಿಸುದು, ಡಾಕ್ಟ್ರೋ, ಪಂಚಾಯತೋ, ದೂರದ ತಮ್ಮನೋ. ಇಲ್ಲಿ ಒಂದು ದೊಡ್ಡ ತಪ್ಪು ಮಾಡ್ತಾರೆ ಜನ, "ಎಲ್ಲ ಹೇಳ್ಬಿಡಿ, ಮನಸ್ಸು ಹಗುರ ಆಗ್ತದೆ" ಅಂತ ಒತ್ತಾಯ ಮಾಡಿ ಆ ರಾತ್ರಿಯ ಕಥೆ ಪೂರಾ ಹೊರಗೆ ತೆಗೆಯುದು. ಬೇಡ. ಹಾಗೆ ಕೂರಿಸಿ ಬಾಯಿ ಬಿಡಿಸುದರಿಂದ ಉಪಯೋಗ ಇಲ್ಲ, ಕೆಲವರಿಗೆ ಜಾಸ್ತಿಯೇ ಆಗ್ತದೆ. ಅವರಾಗಿ ಹೇಳಿದ್ರೆ ಕೇಳಿ, ಹೇಳದಿದ್ರೆ ತೆಂಗಿನಕಾಯಿ ರೇಟು ಮಾತಾಡಿ.

ನಿದ್ದೆ ಬರದ್ದು, ಆಂಬುಲೆನ್ಸ್ ಸದ್ದಿಗೆ ಮೈ ನಡುಗುದು, ರಾತ್ರಿ ಎದ್ದೆದ್ದು ಮಕ್ಕಳ ಬೆರಳಿಗೆ ಆಕ್ಸಿಮೀಟರ್ ಹಾಕುದು, ಇದೆಲ್ಲ ಶುರುವಿನ ವಾರಗಳಲ್ಲಿ ಸಹಜ, ಹೆಚ್ಚಿನವರಿಗೆ ನಿಧಾನಕ್ಕೆ ಕಮ್ಮಿ ಆಗ್ತದೆ. ತಿಂಗಳು ದಾಟಿದ ಮೇಲೂ ಅದೇ ದೃಶ್ಯ ಕಣ್ಣ ಮುಂದೆ ಬರ್ತಾ ಉಂಟು, ಅಡಿಗೆ ಕೆಲಸ ಎಂತದೂ ಆಗುದಿಲ್ಲ, ಕುಡಿತ ಶುರುವಾಗಿದೆ ಅಂತಾದ್ರೆ ಡಾಕ್ಟ್ರ ಹತ್ರ ಕಳಿಸ್ಬೇಕು. "ನಾನು ಇದ್ದು ಎಂತ ಉಪಯೋಗ" ಅಂತ ಹೇಳಿದ್ರೆ ತಿಂಗಳು ಕಾಯುದಲ್ಲ, ಅವತ್ತೇ ನೇರ ಕೇಳಿ, ಸಾಯುವ ಯೋಚನೆ ಬರ್ತದಾ ಅಂತ. ಕೇಳಿದ್ರೆ ತಲೆಗೆ ಹಾಕಿದ ಹಾಗೆ ಆಗ್ತದೆ ಅಂತ ಹೆದರ್ತಾರೆ, ಹಾಗೆ ಆಗುದಿಲ್ಲ. ಹೌದು ಅಂದ್ರೆ ಒಬ್ರನ್ನೇ ಬಿಡ್ಬೇಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ. ನಿಮ್ಹಾನ್ಸ್ ಸಹಾಯವಾಣಿ 080-46110007, ಮತ್ತೆ ನಮ್ಮ ರಾಜ್ಯದ ಆರೋಗ್ಯ ಸಹಾಯವಾಣಿ 104 ಉಂಟು. ತಾಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಅಂತ ಮಾನಸಿಕ ಆರೋಗ್ಯದ ಕ್ಲಿನಿಕ್ ಮಂಗಳವಾರ ಇರ್ತದೆ, ಈಗ ಲಾಕ್‌ಡೌನಲ್ಲಿ ಫೋನ್ ಮಾಡಿ ಹೋಗುದು ಒಳ್ಳೇದು.

ಕಿನ್ನಿಗೋಳಿಯವ_ದುಬೈ

ನಾನು ಆಚೆ ಬದಿಯವ, ಅಂದ್ರೆ ಇಂಥ ಫೋನ್ ಬರುವ ಮನೆಯವ. ಅಪ್ಪ ಹೋದದ್ದು ಇದೇ ಏಪ್ರಿಲ್‌ನಲ್ಲಿ. ನಾನು ಇಲ್ಲಿ, ಅಣ್ಣ ಕುವೈಟಲ್ಲಿ, ಮಣ್ಣು ಮಾಡುದನ್ನು ಮೊಬೈಲಲ್ಲಿ ನೋಡಿದ್ದು, ಅದರಲ್ಲೂ ಮಧ್ಯದಲ್ಲಿ ನೆಟ್ ಹೋಯ್ತು. ಅವತ್ತಿಂದ ನನಗೆ ಬಂದ ಮೆಸೇಜ್‌ಗಳನ್ನು ಇಲ್ಲಿ ಬರೆದ್ರೆ ನಗ್ಲಿಕ್ಕೂ ಆಗ್ತದೆ, ಸಿಟ್ಟೂ ಬರ್ತದೆ. "ದೇವರು ಒಳ್ಳೆ ಹೂವನ್ನೇ ಮೊದಲು ಕೊಯ್ಯುದು." ಉಳಿದವರೆಲ್ಲ ಕೆಟ್ಟ ಹೂವಾ ಹಾಗಾದ್ರೆ? "ಎಲ್ಲ ಆತನ ಯೋಜನೆ." ಆಕ್ಸಿಜನ್ ಬೆಡ್ ಸಿಗದ್ದು ಕೂಡ ಯೋಜನೆಯಾ? ದಯಮಾಡಿ ನಿಮ್ಮ ಗುಂಪಿನವರಿಗೆ ಹೇಳಿ, ದೇವರ ಪರವಾಗಿ ವಕಾಲತ್ತು ಬೇಡ.

ಒಬ್ರು ಮಾತ್ರ, ನಮ್ಮ ವಾಡೆಯ ಗುರಿಕಾರರು (ಚರ್ಚಿನ ವಾರ್ಡಿನ ಮುಖ್ಯಸ್ಥರು), ಫೋನ್ ಮಾಡಿ "ನಿನ್ನ ಅಪ್ಪ ಕ್ವಾಯರಲ್ಲಿ ಯಾವಾಗ್ಲೂ ಒಂದು ಸಾಲು ಮುಂದೆ ಓಡ್ತಿದ್ರು ಮಾರಾಯ, ಅವರನ್ನು ಹಿಡಿದು ನಿಲ್ಲಿಸ್ಲಿಕ್ಕೇ ಒಬ್ಬ ಬೇಕಿತ್ತು" ಅಂತ ಹೇಳಿದ್ರು. ಅದನ್ನು ಕೇಳಿ ನಾನು ರೂಮಲ್ಲಿ ಕೂತು ಬಾಯಿ ಬಿಟ್ಟು ಅತ್ತೆ, ಅಷ್ಟು ದಿನ ಒಂದು ಹನಿ ಬಂದಿರಲಿಲ್ಲ. ಸತ್ತವರ ಹೆಸರು ಹೇಳಿ, ಅವರ ಕಥೆ ಹೇಳಿ. ಜನ ಎಂತಕ್ಕೋ ಸತ್ತವರ ಹೆಸರೇ ಎತ್ತುದಿಲ್ಲ, ನೋವಾಗ್ತದೆ ಅಂತ. ನೋವು ಹೇಗೂ ಉಂಟಲ್ಲ.

ಮತ್ತೆ ತಿಂಗಳ ಮೀಸ್ (ಸತ್ತು ತಿಂಗಳಾದಾಗ ಚರ್ಚಲ್ಲಿ ಇಡುವ ಪೂಜೆ) ದಿನ ಒಂದು ಫೋನ್ ಮಾಡಿ. ಮೊದಲ ವಾರ ಎಲ್ರೂ ಮಾಡ್ತಾರೆ, ಆಮೇಲೆ ಒಬ್ಬನೂ ಇಲ್ಲ.

ವಿಶ್ವಾಸಿ_07

ನಿಜವಾದ ನಂಬಿಕೆ ಇದ್ದವರಿಗೆ ಭಯ, ಡಿಪ್ರೆಶನ್ ಬರುದಿಲ್ಲ. ಸೈತಾನನ ಕೆಲಸ ಅದು. ಉಪವಾಸ ಪ್ರಾರ್ಥನೆ ಇಡಿ, ಹೆಲ್ಪ್‌ಲೈನ್ ಅಲ್ಲ.

ನಿವೃತ್ತ_ಬೋಧಕ

@ವಿಶ್ವಾಸಿ_07 ಮಗೂ, ಬೈಬಲಿನ ಪ್ರವಾದಿ ಎಲೀಯನಿಗೆ ನಂಬಿಕೆ ಕಮ್ಮಿ ಇತ್ತಾ? ಕರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿಸಿದವ, ಅದಾಗಿ ಸ್ವಲ್ಪದರಲ್ಲೇ ಅಡವಿಯಲ್ಲಿ ಗಿಡದ ಕೆಳಗೆ ಬಿದ್ದು ನನಗೆ ಸಾವು ಕೊಡು ಅಂತ ಬೇಡಿದ. 1 ಅರಸುಗಳು 19 ತೆಗೆದು ಓದು. ದೂತ ಬಂದು ಪ್ರಸಂಗ ಮಾಡ್ಲಿಲ್ಲ, ರೊಟ್ಟಿ ನೀರು ಇಟ್ಟ. ಅವ ತಿಂದು ಪುನಃ ಮಲಗಿದ. ಪುನಃ ಎಬ್ಬಿಸಿ ಪುನಃ ತಿನ್ನಿಸಿದ. ದೇವರು ಮಾತಾಡಿದ್ದು ಅದೆಲ್ಲ ಆದ ಮೇಲೆ.

ಪಡುಗಾಳಿ ಅವರೇ, ನಿಮ್ಮ ಹಿರಿಯರು ವಾಕ್ಯ ಸಾಕು ಅಂದದ್ದರಲ್ಲಿ ನನಗೆ ತಕರಾರಿಲ್ಲ, ಯಾವ ವಾಕ್ಯ ಅನ್ನುದರಲ್ಲಿ ಉಂಟು. ನಾವು ಸಾವಿನ ಮನೆಗೆ 23ನೇ ಕೀರ್ತನೆ (ದೇವರು ನನಗೆ ಕುರುಬ ಅನ್ನುದು), ರೋಮಾ 8:28 (ಎಲ್ಲವೂ ಒಳ್ಳೇದಕ್ಕೇ ಆಗ್ತದೆ ಅನ್ನುದು), ಇವೆರಡನ್ನೇ ಹೊತ್ಕೊಂಡು ಹೋಗ್ತೇವೆ. ಕೀರ್ತನೆಗಳಲ್ಲಿ ಎಷ್ಟೋ ಬರೀ ಗೋಳು, ದೂರು, "ಎಷ್ಟು ಕಾಲ" ಅಂತ ದೇವರನ್ನೇ ನಿಲ್ಲಿಸಿ ಕೇಳುದು. 13ನೇದ್ದು ಹಾಗೆ. 88ನೇದ್ದು ನೋಡಿ, ಅದು ಕತ್ತಲೆಯಲ್ಲೇ ಮುಗೀತದೆ, ಕಡೆಗೊಂದು ಸ್ತೋತ್ರದ ಸಾಲು ಕೂಡ ಇಲ್ಲ. ಅದನ್ನೂ ಹಿರಿಯರು ಪ್ರಾರ್ಥನೆ ಅಂತಲೇ ಗ್ರಂಥದಲ್ಲಿ ಇಟ್ಟಿದ್ದಾರೆ. ಗಂಡ ಸತ್ತವಳ ಹತ್ರ 88 ಓದ್ಲಾ ಅಂತ ಕೇಳಿ ಓದಿ, ತನ್ನ ಬಾಯಿಗೆ ಬಾರದ್ದನ್ನು ಯಾರೋ ಬರೆದಿದ್ದಾರೆ ಅಂತ ಆಗ್ತದೆ ಅವಳಿಗೆ. ರೋಮಾ 8 ಎಲ್ಲಿಗೂ ಓಡಿಹೋಗುದಿಲ್ಲ, ಅವಳೇ ಕೇಳುವ ದಿನ ಬರ್ತದೆ. ಬೈಬಲಲ್ಲಿ ಮಕ್ಕಳನ್ನೆಲ್ಲ ಕಳ್ಕೊಂಡ ಯೋಬನ ಗೆಳೆಯರು ಕೂಡ ಏಳು ದಿನ ಏಳು ರಾತ್ರಿ ನೆಲದಲ್ಲಿ ಸುಮ್ಮನೆ ಕೂತದ್ದು. ಬಾಯಿ ತೆರೆದ ಮೇಲೆ ಕೆಟ್ಟದ್ದು.

ಔಷಧಿ ಬೇಡ ಹೆಲ್ಪ್‌ಲೈನ್ ಬೇಡ ಅನ್ನುವವರಿಗೆ ಇನ್ನೊಂದು ಮಾತು. ನಮ್ಮ ಕಡೆ ಬಾಸೆಲ್ ಮಿಶನ್‌ನ ಪ್ರೊಟೆಸ್ಟೆಂಟ್ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ, ಅವರು ತಂದ ಪರಂಪರೆ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರನ ಕಾಲದ್ದು. ಆ ಲೂಥರ್ 1527ರಲ್ಲಿ ಪ್ಲೇಗ್ ಬಂದಾಗ ಬರೆದ ಪತ್ರದಲ್ಲಿ ಔಷಧಿ ತಗೊಳ್ಳಿ, ಮನೆಗೆ ಹೊಗೆ ಹಾಕಿ, ನೀವು ಬೇಡದ ಜಾಗಕ್ಕೆ ಹೋಗ್ಬೇಡಿ, ನಿಮ್ಮಿಂದ ಇನ್ನೊಬ್ಬರಿಗೆ ಹತ್ತಿ ಅವರು ಸಾಯುದು ಬೇಡ ಅಂತ ಬರೆದಿದ್ದಾನೆ. ಅದೇ ಪತ್ರದಲ್ಲಿ ನೆರೆಯವನಿಗೆ ನಾನು ಬೇಕು ಅಂತಾದ್ರೆ ಹೆದರದೆ ಹೋಗ್ತೇನೆ ಅಂತಲೂ ಉಂಟು. ಕ್ಯಾಥೊಲಿಕರದ್ದು ಬೇರೆ ದಾರಿ, ಮಂಗಳೂರಿನ ಬೆಂದೂರು ಇಗರ್ಜಿ (ಚರ್ಚ್) ಯಾರ ಹೆಸರಲ್ಲಿ ಉಂಟೋ ಆ ಸಂತ ಸೆಬೆಸ್ಟಿಯನ್ ಪ್ಲೇಗಿನಿಂದ ಕಾಪಾಡುವ ಸಂತ ಅಂತಲೇ ಹಳೆ ಕಾಲದಿಂದ. ರೋಗ ಬಂದಾಗ ಸಭೆ ಎಂತ ಮಾಡ್ಬೇಕು ಅನ್ನುದು ಹೊಸ ಪ್ರಶ್ನೆ ಏನಲ್ಲ.

ಕಾಪು_ಬೀಚ್

ನಾನು ಕ್ರಿಶ್ಚನ್ ಅಲ್ಲ, ಆದ್ರೂ ಒಂದು ಮಾತು. ಹೋದ ವರ್ಷ ಮೇ ತಿಂಗಳಲ್ಲಿ ಬೊಂಬಾಯಿಂದ ಬಂದವ್ರನ್ನು ನಮ್ಮ ಉಡುಪಿ ಜಿಲ್ಲೆಯಲ್ಲಿ ಜನ ನೋಡಿದ ರೀತಿ ನೆನಪುಂಟಲ್ಲ, ಸ್ವಂತ ಊರಿನವರೇ, ಶಾಲೆಯಲ್ಲಿ ಕ್ವಾರಂಟೈನ್ ಇದ್ದವ್ರಿಗೆ ನೀರು ಕೊಡ್ಲಿಕ್ಕೆ ಹೆದರಿದವರಿದ್ರು. ಅದಕ್ಕಿಂತ ಮೊದಲು ಏಪ್ರಿಲ್‌ನಲ್ಲಿ ಮಂಗಳೂರಲ್ಲಿ ಒಬ್ರು ಹೆಂಗಸಿನ ಹೆಣ ಸುಡ್ಲಿಕ್ಕೆ ಜಾಗ ಸಿಗದೆ ಒಂದು ಕಡೆಯಿಂದ ಇನ್ನೊಂದು ಕಡೆ ಹೋದದ್ದು. ನಮ್ಮ ಮನೆಯಲ್ಲೂ ಪಾಸಿಟಿವ್ ಆಗಿತ್ತು ಆಗ. ಗೇಟಿನ ಹತ್ರ ಮೀನು ಸಾರು ಇಟ್ಟು ಹೋದದ್ದು ಪಕ್ಕದ ಮನೆಯ ಕ್ಯಾಥೊಲಿಕ್ ಬಾಯಮ್ಮ ಒಬ್ರೇ. ನಮ್ಮ ಅಮ್ಮನಿಗೆ "ನಾನು ರಾತ್ರಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಮಾಡುವಾಗ ನಿಮ್ಮ ಹೆಸರು ಹೇಳ್ತೇನೆ" ಅಂತ ಹೇಳಿದ್ರು, ಅಮ್ಮನಿಗೆ ಖುಷಿಯೇ ಆಯ್ತು.

ಆದ್ರೆ ಈಗಿನ ವಾತಾವರಣ ನಿಮಗೆ ಗೊತ್ತುಂಟು. ಕಿಟ್ ಒಳಗೆ ಕರಪತ್ರ ಹಾಕ್ಬೇಡಿ. ಒಂದು ಕಾಗದ ಸಿಕ್ಕಿದ್ರೆ ಸಾಕು, ಮಾಡಿದ ಒಳ್ಳೇ ಕೆಲಸ ಎಲ್ಲ ಮತಾಂತರ ಅಂತ ಆಗ್ತದೆ, ತೊಂದರೆ ಆಗುದು ಕಿಟ್ ತಗೊಂಡವರಿಗೂ. ಕಾನೂನಿಗೆ ಹೆದರಿ ಅಂತ ಅಲ್ಲ, ನೋವಲ್ಲಿ ಇರುವವರ ಹತ್ರ ಅದು ಮರ್ಯಾದೆಯೂ ಅಲ್ಲ. ಪ್ರಾರ್ಥನೆ ಮಾಡ್ಲಾ ಅಂತ ಕೇಳಿ, ಬೇಡ ಅಂದ್ರೆ ಬೇಡ, ಸಾರು ಮಾತ್ರ ಕೊಡಿ 😀

ಪಡುಗಾಳಿ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಜಿಪ್ ತೆಗೆದು ತೋರಿಸಬಹುದು ಅನ್ನುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ಆ ಮಾರ್ಗಸೂಚಿಯ ಪ್ರಿಂಟ್ ತೆಗೆದು ಇಬ್ರು ಹುಡುಗರ ಹತ್ರ ಇಡುದು ಅಂತ ಆಗಿದೆ. ಕರಪತ್ರ ಇಲ್ಲ, ಅದು ಖಂಡಿತ. 88ನೇ ಕೀರ್ತನೆ ಹೇಳಿದಾಗ ನಮ್ಮ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು "ನೋಡುವ" ಅಂದ್ರು, ಅವ್ರ ಭಾಷೆಯಲ್ಲಿ ಅದು ಹೌದು ಅಂತ.

ಎರಡು ಸಂಶಯ ಉಂಟು. ಫೋನ್ ಮಾಡಿದವ್ರು ಕೇಳಿದ್ದನ್ನೆಲ್ಲ ಸಭೆಯ ಪ್ರಾರ್ಥನಾ ಗ್ರೂಪಿಗೆ ಹಾಕ್ಬೇಕಾ? ಹಾಕಿದ್ರೆ ಎಲ್ರೂ ಪ್ರಾರ್ಥನೆ ಮಾಡ್ತಾರೆ ಅಂತ ಕೆಲವರು. ಮತ್ತೆ ಮಕ್ಕಳ ಹತ್ರ ಎಂತ ಹೇಳುದು, ಒಂದು ಮನೆಯಲ್ಲಿ ಸಣ್ಣ ಹುಡುಗಿಗೆ ಅಜ್ಜ ಬೆಂಗಳೂರಿಗೆ ಹೋಗಿದ್ದಾರೆ ಅಂತ ಹೇಳಿ ಇಟ್ಟಿದ್ದಾರೆ.

ವಾರ್ಡ್_ಅಕ್ಕ

ಗ್ರೂಪಿಗೆ ಬೇಡವೇ ಬೇಡ! "ಇಂಥವರ ಮಗಳು ನಿದ್ದೆ ಮಾಡುದಿಲ್ಲ, ಮಾತ್ರೆ ತಗೊಳ್ತಾ ಇದ್ದಾಳೆ, ಪ್ರಾರ್ಥಿಸಿ" ಅಂತ ಬಂದ ಮೆಸೇಜ್ ಸಂಜೆ ಒಳಗೆ ಮಸ್ಕತ್ ತನಕ ಹೋಗಿರ್ತದೆ, ನಾಳೆ ಆ ಹುಡುಗಿಗೆ ಸಂಬಂಧ ನೋಡುವಾಗ ಪುನಃ ಬರ್ತದೆ. ಅವರ ಒಪ್ಪಿಗೆ ಇಲ್ಲದೆ ಹೆಸರೂ ಬೇಡ, ವಿವರವೂ ಬೇಡ. ಜೀವಕ್ಕೆ ಅಪಾಯ ಅಂತಾದ್ರೆ ಮಾತ್ರ ಮನೆಯವ್ರಿಗೆ, ಡಾಕ್ಟ್ರಿಗೆ ಹೇಳ್ಲೇಬೇಕು, ಅದನ್ನು ಶುರುವಿಗೇ ಅವರ ಹತ್ರ ಹೇಳಿಡಿ.

ಮಗುವಿಗೆ ನಿಜ ಹೇಳ್ಬೇಕು, ಅದರ ಪ್ರಾಯಕ್ಕೆ ತಕ್ಕ ಹಾಗೆ, ಮನೆಯ ದೊಡ್ಡವರೇ. ಅಜ್ಜ ಸತ್ತುಹೋದ್ರು, ಅವರ ಮೈ ಇನ್ನು ಕೆಲಸ ಮಾಡುದಿಲ್ಲ, ವಾಪಸ್ ಬರುದಿಲ್ಲ ಅಂತ. ಬೆಂಗಳೂರು ಅಂದ್ರೆ ಅದು ಕಾಯ್ತಾ ಕೂತ್ಕೊಳ್ತದೆ, ಆಮೇಲೆ ಅಮ್ಮ ಪೇಟೆಗೆ ಹೋದ್ರೂ ಹೆದರ್ತದೆ. ನಿದ್ದೆ ಮಾಡಿದ್ದಾರೆ ಅಂತಲೂ ಹೇಳ್ಬೇಡಿ, ರಾತ್ರಿ ಮಲಗ್ಲಿಕ್ಕೆ ಭಯ ಪಡುವ ಮಕ್ಕಳಿದ್ದಾರೆ. ನನ್ನಿಂದ ಅಜ್ಜನಿಗೆ ಕೊರೋನಾ ಬಂತಾ ಅಂತ ಮನಸ್ಸಲ್ಲಿ ಇರ್ತದೆ ಕೆಲವು ಮಕ್ಕಳಿಗೆ, ಕೇಳುದಿಲ್ಲ, ನೀವೇ "ನಿನ್ನಿಂದ ಆದದ್ದಲ್ಲ" ಅಂತ ಹೇಳಿ.

ಫೋನ್ ಮಾಡುವವ್ರದ್ದೂ ಒಂದು. ಒಬ್ಬೊಬ್ರಿಗೆ ಎರಡು ಮೂರು ಮನೆಗಿಂತ ಜಾಸ್ತಿ ಕೊಡ್ಬೇಡಿ, ಈಚೆಗೆ ತಮ್ಮ ಮನೆಯಲ್ಲೇ ಸಾವಾದವ್ರನ್ನು ಈಗ ಬಿಡಿ. ವಾರಕ್ಕೊಮ್ಮೆ ಗುಂಪಿನವರೇ ಹೆಸರು ಹೇಳದೆ ತಮ್ಮ ಕಷ್ಟ ಮಾತಾಡಿ, ಬೋಧಕರು ಇದ್ರೆ ಒಳ್ಳೇದು. ನಾನೂ ಬರಬಹುದು, ಜೂಮ್ ಲಿಂಕ್ ಮೆಸೇಜ್ ಮಾಡಿ, ರಾತ್ರಿ ಎಂಟರ ಮೇಲೆ ಇಡಿ.

ಕಿನ್ನಿಗೋಳಿಯವ_ದುಬೈ

ಎಂಟು ಅಂದ್ರೆ ಇಲ್ಲಿ ಆರೂವರೆ, ನಾನು ಬಸ್ಸಲ್ಲಿರ್ತೇನೆ. ಒಂಬತ್ತಕ್ಕೆ ಇಟ್ರೆ ನಾನೂ ಬರ್ತೇನೆ. ಗಲ್ಫಲ್ಲಿ ಇರುವ ಮಕ್ಕಳಿಗೆ ಫೋನ್ ಮಾಡ್ಲಿಕ್ಕೆ ಯಾರಾದ್ರೂ ಬೇಕಾದ್ರೆ ನನ್ನ ಹೆಸರು ಹಾಕಿ, ತುಳು ಕೊಂಕಣಿ ಎರಡೂ ಬರ್ತದೆ.