ಅಪ್‌ಡೇಟ್: ರಕ್ತಪಿಶಾಚಿ ಕಥೆಯ ಆ ಪರ್ಫ್ಯೂಮ್

‘ಕಾರ್ಮಿಲ್ಲಾ’ ಕಥೆಯನ್ನು ನೆನೆದು ಮಾಡಿದ ಪರ್ಫ್ಯೂಮ್ ಬರೀ ಗುಲಾಬಿ ವಾಸನೆ ಬರುತ್ತಿದೆ, ಸಮಾಧಿಯ ಮಣ್ಣು ಎಲ್ಲಿ ಅಂತ ಕೇಳಿದ್ದೆ. ಮಣಿಕಟ್ಟಿಗೆ ಹಚ್ಚಿ, ಉಜ್ಜದೆ ಕಾಯಿರಿ ಅಂದಿದ್ದಿರಿ. ಕಾದೆ. ಗುಲಾಬಿ ಇಳಿದ ಮೇಲೆ ಪಚೋಲಿ ಎಂಬ ಗಿಡದ ಎಲೆಯ ಮಣ್ಣಿನಂಥ ಘಮ ಎದ್ದು ಬಂತು. ತಂಪು, ಒದ್ದೆ, ಹಳೇ ನೆಲಮಾಳಿಗೆ ಥರ. ಪಚೋಲಿಯ ಭಾರದ ಅಣುಗಳು ನಿಧಾನಕ್ಕೆ ಆವಿಯಾಗುತ್ತವೆ, ಅದಕ್ಕೇ ತಡ. 1872ರ ಆ ಕಥೆಯಲ್ಲೂ ಹಾಗೇ ಅಲ್ವಾ? ಆಸ್ಟ್ರಿಯಾದ ಸ್ಟೈರಿಯಾ ಪ್ರಾಂತ್ಯದ ಕೋಟೆಗೆ ಮೊದಲು ಬರುವುದು ಚೆಂದದ ಅತಿಥಿ. ಹಲ್ಲು ಕಾಣುವುದು ಆಮೇಲೆ.

ಉತ್ತರ ಪ್ರದೇಶದ ಕನೌಜ್‌ನ ಮಿಟ್ಟಿ (ಮಣ್ಣಿನ) ಅತ್ತರ್ ನೋಡಿ ಅಂದವರಿಗೆ: ತರಿಸಿದೆ. ಸುಟ್ಟ ಮಣ್ಣನ್ನು ಭಟ್ಟಿ ಇಳಿಸಿ ಗಂಧದೆಣ್ಣೆಗೆ ಹಿಡಿದದ್ದು. ಅದರಲ್ಲಿ ಇರುವುದು ಮೊದಲ ಮಳೆ, ಸಮಾಧಿ ಅಲ್ಲ. ಆಫೀಸಿಗೆ ಅದನ್ನೇ ಹಾಕುತ್ತೇನೆ.